ಮುಖಕ್ಕೊಂದು ಕೊಡೆ

ಬಿಸಿಲು ನಮ್ಮ ನಾಡಿಗೆ ಹೊಸದಲ್ಲ. ಬಿಸಿಲಿನಿಂದ ತಲೆಯನ್ನೂ ಮೊಗವನ್ನೂ ಕಾಪಾಡಿಕೊಳ್ಳುವ ಉಪಾಯಗಳೂ ಹೊಸವಲ್ಲ. ಬಯಲುಸೀಮೆಯ ಒಕ್ಕಲಿಗನ ರುಮಾಲು, ತುಳುನಾಡಿನ ಕೆಲಸಗಾರನ ಅಡಕೆಹಾಳೆಯ ಮುಟ್ಟಾಳೆ, ಕಳೆ ಕೀಳುವ ಹೆಂಗಸು ಹಣೆಯ ಮೇಲೆ ಮುಂದಕ್ಕೆ ಎಳೆದುಕೊಳ್ಳುವ ಸೆರಗು, ಪೇಟೆಯ ಹಿರಿಯರ ಕಪ್ಪು ಕೊಡೆ, ಇವೆಲ್ಲ ಪುಸ್ತಕವನ್ನು ಓದಿ ಕಲಿತ ವಿದ್ಯೆಗಳಲ್ಲ. ಬಿಸಿಲೇ ಕಲಿಸಿದ ಪಾಠಗಳು. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಇನ್ನೊಂದು ವಸ್ತು ಬಂದು ಸೇರಿದೆ. ಅಂಗಡಿಯಲ್ಲಿ ‘ಸನ್‌ಸ್ಕ್ರೀನ್’ ಎಂದು ಕೇಳಿದರೆ ಕೊಡುವ ಮುಖಲೇಪವೇ ಅದು. ಈ ಲೇಖನದಲ್ಲಿ ನಾವು ಅದನ್ನು ಬಿಸಿಲುಲೇಪವೆಂದು ಕರೆಯುವೆವು.

ಕಾಲೇಜಿಗೆ ಹೋಗುವ ಹುಡುಗಿಯರಿಂದ ಮೊದಲ್ಗೊಂಡು ಮೊಮ್ಮಕ್ಕಳನ್ನು ಕಂಡ ಗೃಹಿಣಿಯರವರೆಗೆ ಈ ಲೇಪದ ಹೆಸರನ್ನು ಕೇಳದವರು ಈಗ ಪಟ್ಟಣಗಳಲ್ಲಿ ವಿರಳ. ಆದರೆ ಕೊಳ್ಳುವವರಲ್ಲಿ ಅನೇಕರು ಅದು ಏತಕ್ಕಾಗಿ ಇರುವುದೆಂದು ತಿಳಿಯರು. ತಿಳಿದವರಲ್ಲಿಯೂ ಅನೇಕರು ಎಷ್ಟು ಹಚ್ಚಬೇಕೆಂಬುದನ್ನು ಅರಿಯರು. ನಾವೂ ಆ ಗುಂಪಿನಲ್ಲಿಯೇ ಇದ್ದೆವು. ನಮ್ಮ ಕಣ್ಣು ತೆರೆದ ಬಗೆಯನ್ನು ಮೊದಲು ಹೇಳಿ, ಬಳಿಕ ವಿಷಯಕ್ಕೆ ಬರುವುದು ಲೇಸೆಂದು ತೋರುತ್ತದೆ.

ನಮ್ಮ ತಂಗಿಯ ಮಗಳಿಗೆ ಚೊಚ್ಚಲ ಹೆರಿಗೆಯಾದ ಮೇಲೆ ಎರಡು ಕೆನ್ನೆಗಳ ಮೇಲೂ ಮೇಲ್ದುಟಿಯ ಮೇಲೂ ಕಂದುಬಣ್ಣದ ಬಂಗು ಉಳಿದುಕೊಂಡಿತು. ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ಇದು ಬಹು ಸಾಮಾನ್ಯ. ಮಗುವಿನ ನಾಮಕರಣದ ದಿನ ನೆರೆದಿದ್ದ ಹಿರಿಯರಾದ ನಾವು, ಅಕ್ಕರೆಯಿಂದಲೇ ಎಂದು ಈಗಲೂ ಹೇಳಬೇಕು, “ಏನಮ್ಮ, ಇಷ್ಟು ಕಪ್ಪಾಗಿ ಹೋದೆಯಲ್ಲ!” ಎಂದೆವು. ಆಕೆ ನಕ್ಕು ಸುಮ್ಮನಾದಳು. ಮಾತು ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸಿದೆವು. ಆಕೆಯ ಮನಸ್ಸಿನಲ್ಲಿ ಅದು ಮುಗಿದಿರಲಿಲ್ಲ. ಪರಿಚಿತರೊಬ್ಬರು ಹೇಳಿದ ನಳಿಕೆಯೊಂದನ್ನು ಔಷಧದಂಗಡಿಯಿಂದ ತರಿಸಿ ಪ್ರತಿರಾತ್ರಿಯೂ ಹಚ್ಚಿಕೊಳ್ಳತೊಡಗಿದಳು. ಮೂರು ವಾರಗಳಲ್ಲಿ ಮೊಗ ತಿಳಿಯಾಯಿತು. ಮನೆಮಂದಿಯೆಲ್ಲ ಹೊಗಳಿದರು. ಕೆಲವು ತಿಂಗಳು ಕಳೆಯುವ ಹೊತ್ತಿಗೆ ಕೆನ್ನೆ ಕೆಂಪೇರಿ ಉರಿಯತೊಡಗಿತು, ಸಣ್ಣ ಗುಳ್ಳೆಗಳೆದ್ದವು, ಹಚ್ಚುವುದನ್ನು ನಿಲ್ಲಿಸಿದರೆ ಉರಿ ಇಮ್ಮಡಿಯಾಯಿತು, ಬಂಗು ಮೊದಲಿಗಿಂತ ದಟ್ಟವಾಗಿ ಹಿಂದಿರುಗಿತು.

ಚರ್ಮವೈದ್ಯರು ನಳಿಕೆಯನ್ನು ತಿರುಗಿಸಿ ನೋಡಿ, ಅದರಲ್ಲಿ ಸ್ಟೀರಾಯ್ಡ್ ಇರುವುದೆಂದೂ, ಅದು ಇಸಬು ಮೊದಲಾದ ವ್ಯಾಧಿಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ದಿನ ಬಳಸತಕ್ಕ ಔಷಧವೇ ಹೊರತು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವ ಅಂದದ ಲೇಪವಲ್ಲವೆಂದೂ ತಿಳಿಸಿದರು. ಇಂತಹ ಅನೇಕ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿಯೇ ವಿಧಿಸಿತು. ಆದರೂ ಚೀಟಿಯಿಲ್ಲದೆ ಕೇಳುವವರೂ ಕೊಡುವವರೂ ಇಲ್ಲದೆ ಹೋಗಿಲ್ಲ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರುಗಳಲ್ಲಿ ಯಾವುದಾದರೂ ನಳಿಕೆಯ ಮೇಲೆ ಕಂಡುಬಂದರೆ, ಅದನ್ನು ನೆರೆಹೊರೆಯವರ ಮಾತಿನಂತೆ ಮುಖಕ್ಕೆ ಮುಟ್ಟಿಸಕೂಡದು. ಈಗಾಗಲೇ ಬಹುಕಾಲದಿಂದ ಬಳಸುತ್ತಿದ್ದವರು ಥಟ್ಟನೆ ಬಿಡದೆ, ವೈದ್ಯರನ್ನು ಕಂಡು ಕ್ರಮವಾಗಿ ಬಿಡತಕ್ಕದ್ದು.

ಬಳಿಕ ವೈದ್ಯರು, “ಹಗಲು ಹೊತ್ತು ಬಿಸಿಲುಲೇಪವನ್ನು ಹಚ್ಚುವಿರಾ?” ಎಂದು ಕೇಳಿದರು. “ಒಂದು ದಿನವೂ ತಪ್ಪಿಸಿಲ್ಲ” ಎಂದು ಆಕೆ ಚೀಲದಿಂದ ಮತ್ತೊಂದು ನಳಿಕೆಯನ್ನು ತೆಗೆದು ತೋರಿಸಿದಳು. ಯುಗಾದಿಗೆ ಕೊಂಡ 50 ಗ್ರಾಮಿನ ನಳಿಕೆ. ಆಗ ದೀಪಾವಳಿ ಹತ್ತಿರವಾಗಿತ್ತು. ಇನ್ನೂ ಅರ್ಧ ಉಳಿದಿತ್ತು. ವೈದ್ಯರು ನಗಲಿಲ್ಲ. ಒಂದು ಕಾಗದವನ್ನು ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ಈ ಲೇಖನದ ಮುಖ್ಯೋದ್ದೇಶ. ಆದರೆ ಲೆಕ್ಕಕ್ಕೆ ಮೊದಲು ಬಿಸಿಲಿನ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು.

ಕಾಣದ ಕಿರಣಗಳು

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ ಕಾಣದ ಕಿರಣಗಳೂ ಉಂಟು. ನೇರಳೆ ಬಣ್ಣದ ಆಚೆಗಿರುವ ಕಿರಣಗಳನ್ನು 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿಜ್ಞಾನಿ ಕಂಡುಹಿಡಿದನು. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡ್ ಎಂಬ ಪದಾರ್ಥವು, ನೇರಳೆಯ ಅಂಚಿನಾಚೆ ಏನೂ ಬೆಳಕು ಕಾಣದ ಎಡೆಯಲ್ಲಿ, ಉಳಿದೆಡೆಗಿಂತಲೂ ಹೆಚ್ಚಾಗಿ ಕಪ್ಪಾದುದನ್ನು ಅವನು ಗಮನಿಸಿದನು. ಅಲ್ಲಿ ಕಾಣದ ಏನೋ ಒಂದು ಬೀಳುತ್ತಿರಬೇಕಷ್ಟೆ. ಇವೇ ನೇರಳಾತೀತ ಕಿರಣಗಳು.

ನೆಲವನ್ನು ಮುಟ್ಟುವ ಈ ಕಿರಣಗಳಲ್ಲಿ ಎರಡು ಬಗೆ. ‘ಬಿ’ ಎಂಬುದು ಗಿಡ್ಡ ಅಲೆಯದು. ಅದು ಚರ್ಮದ ಮೇಲ್ಪದರವನ್ನು ಸುಟ್ಟು ಉರಿಯೆಬ್ಬಿಸುವುದು. ನಡುಹಗಲಿನಲ್ಲಿ ಅದರ ಬಲ ಹೆಚ್ಚು. ಕಿಟಕಿಯ ಗಾಜು ಅದನ್ನು ಬಹುಮಟ್ಟಿಗೆ ತಡೆಯುವುದು. ‘ಎ’ ಎಂಬುದು ಉದ್ದ ಅಲೆಯದು. ಅದು ಸದ್ದಿಲ್ಲದೆ ಆಳಕ್ಕಿಳಿದು ಚರ್ಮದ ಬಿಗಿಯನ್ನು ಸಡಿಲಿಸಿ ಸುಕ್ಕನ್ನೂ ಕಪ್ಪನ್ನೂ ತರುವುದು; ಬೆಳಗಿನಿಂದ ಸಂಜೆಯವರೆಗೆ ಇರುವುದು; ಗಾಜಿನ ಮೂಲಕವೂ ಬಹುಪಾಲು ಒಳಕ್ಕೆ ಬರುವುದು. ಆದುದರಿಂದ ದಿನವೂ ಬಸ್ಸಿನ ಕಿಟಕಿಯ ಬದಿಯಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡುವವರೂ, ಗಾಜಿನ ಕಿಟಕಿಯ ಬಳಿ ಕುಳಿತು ಹೊಲಿಗೆ ಕೆಲಸ ಮಾಡುವವರೂ ತಾವು ನೆರಳಿನಲ್ಲಿರುವೆವೆಂದು ಪೂರ್ತಿಯಾಗಿ ನಂಬಲಾಗದು.

ಇನ್ನೊಂದು ಭ್ರಮೆಯನ್ನು ಇಲ್ಲಿಯೇ ಕಳೆದುಕೊಳ್ಳಬೇಕು. ಬಿಸಿಲಿನ ಕಾವು ಬೇರೆ, ಈ ಕಿರಣಗಳ ತೀಕ್ಷ್ಣತೆ ಬೇರೆ. ಬೆಂಗಳೂರಿನವರು ತಮ್ಮ ಊರಿನ ತಂಗಾಳಿಯನ್ನು ನಂಬಿ, ಬಿಸಿಲು ಬಳ್ಳಾರಿಯವರ ಕಷ್ಟವೆಂದು ಎಣಿಸುವುದುಂಟು. ವಾಸ್ತವವಾಗಿ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಪ್ರತಿ 1000 ಮೀಟರು ಮೇಲೇರಿದಂತೆ ನೇರಳಾತೀತ ಕಿರಣಗಳ ಬಲ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚುವುದು. ಅಲ್ಲದೆ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ, ಸೂರ್ಯನು ಆ ಊರಿನ ನಡುನೆತ್ತಿಯ ಮೇಲೆಯೇ ಬಂದು ನಿಲ್ಲುವುದರಿಂದ, ನೆಟ್ಟ ಕೋಲಿಗೆ ಮಧ್ಯಾಹ್ನದಲ್ಲಿ ನೆರಳೇ ಇರದು. ಗಾಳಿ ತಂಪಾದರೆ ಕಿರಣ ಮೃದುವಾಗುವುದಿಲ್ಲ. ತೆಳುಮೋಡವೂ ಅಷ್ಟೆ; ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರವರೆಗೆ ಅದರ ಮೂಲಕ ಇಳಿದು ಬರಬಲ್ಲವು.

ಬಿಸಿಲಿನ ಬಲವನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ. ನಿಂತಲ್ಲಿ ನಿಮ್ಮ ನೆರಳನ್ನು ನೋಡಿಕೊಳ್ಳಿರಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಬಿಸಿಲು ಸೌಮ್ಯ. ನಿಮಗಿಂತ ಗಿಡ್ಡವಾಗಿದ್ದರೆ ತೀಕ್ಷ್ಣ. ಯಂತ್ರದ ಮಾತನ್ನು ಕೇಳಬಯಸುವವರಿಗೆ ಹವಾಮಾನದ ವರದಿಗಳಲ್ಲಿ ‘ಯು.ವಿ. ಸೂಚ್ಯಂಕ’ವೆಂಬ ಅಂಕೆ ದೊರೆಯುವುದು. ಅದು ಮೂರನ್ನು ಮುಟ್ಟಿದರೆ ಮರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ನಮ್ಮ ನಾಡಿನಲ್ಲಿ ಆಕಾಶ ನಿರ್ಮಲವಾಗಿರುವ ದಿನಗಳಂದು ವರ್ಷದ ಹನ್ನೆರಡು ತಿಂಗಳೂ ನಡುಹಗಲಿನಲ್ಲಿ ಅದು ಮೂರನ್ನು ಮೀರಿಯೇ ಇರುವುದು.

ನಮ್ಮ ಮೈಬಣ್ಣದ ಸಂಗತಿ

ನಮ್ಮ ಚರ್ಮದ ಕಂದುಬಣ್ಣವು ಕಳಂಕವಲ್ಲ. ದೇಹವು ತಾನೇ ಬಿಚ್ಚಿ ಹಿಡಿದಿರುವ ಕೊಡೆ. ಮೆಲನಿನ್ ಎಂಬ ವರ್ಣದ್ರವ್ಯವು ಚರ್ಮದ ಜೀವಕೋಶಗಳ ತಿರುಳಿನ ಮೇಲೆ ಟೋಪಿಯಂತೆ ಕುಳಿತು ಕಿರಣಗಳನ್ನು ಹೀರಿಕೊಳ್ಳುವುದು. ಕಪ್ಪುಜನರ ಚರ್ಮದ ಮೇಲ್ಪದರವು ಸಹಜವಾಗಿಯೇ ಸುಮಾರು 13 ಅಂಕದ ರಕ್ಷಣೆಯನ್ನೂ, ಬಿಳಿಯರದು ಸುಮಾರು 3 ಅಂಕದ ರಕ್ಷಣೆಯನ್ನೂ ಕೊಡುವುದೆಂದು 1979ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಿಂದ ತಿಳಿದುಬಂದಿತು. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರು ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆಯಾಗಿರುವುದು ಈ ಸಹಜ ಕೊಡೆಯಿಂದಲೇ. ಆದುದರಿಂದ, ಲೇಪವಿಲ್ಲದಿದ್ದರೆ ಕ್ಯಾನ್ಸರು ತಪ್ಪದೆಂದು ಹೆದರಿಸುವ ಜಾಹೀರಾತುಗಳಿಗೆ ನಾವು ಬೆದರಬೇಕಾದುದಿಲ್ಲ.

ಹಾಗಾದರೆ ಲೇಪವೇಕೆ ಎಂದು ಕೇಳಬಹುದು. ಕೊಡೆಯೂ ಕೆಡುವುದುಂಟು. ನಮ್ಮಂತಹ ಚರ್ಮಕ್ಕೆ ಬಿಸಿಲು ಮಾಡುವ ಮುಖ್ಯ ಕೇಡೆಂದರೆ ವರ್ಣದ್ರವ್ಯವನ್ನು ಕೆರಳಿಸಿ ಅಲ್ಲಲ್ಲಿ ಹೆಚ್ಚಾಗಿ ಸುರಿಸುವುದು. ಬಂಗು ದಟ್ಟವಾಗುವುದು, ಮೊಡವೆ ಮಾಗಿದ ಮೇಲೆ ಉಳಿಯುವ ಕಲೆ ತಿಂಗಳುಗಟ್ಟಲೆ ಮಾಸದಿರುವುದು, ವಯಸ್ಸಿಗೆ ಮುಂಚೆಯೇ ಚರ್ಮ ಒರಟಾಗುವುದು, ಇವೆಲ್ಲ ಅದರ ಫಲ. ಬಂಗಿಗೆ ವೈದ್ಯರು ಕೊಡುವ ಯಾವ ಔಷಧವೂ ಹಗಲಿನ ಬಿಸಿಲುಲೇಪವಿಲ್ಲದೆ ನೆಟ್ಟಗೆ ಫಲಿಸದು. ರಾತ್ರಿ ಕಟ್ಟಿದ್ದನ್ನು ಹಗಲು ಕೆಡಹಿದಂತಾಗುವುದು.

ದಿನಬಳಕೆಯಿಂದ ಪ್ರಯೋಜನವುಂಟೆಂಬುದಕ್ಕೆ ಸಾಕ್ಷ್ಯವಿಲ್ಲದಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ನ್ಯಾಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1600ಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರು ಪ್ರತಿದಿನವೂ ಲೇಪವನ್ನು ಹಚ್ಚುವಂತೆಯೂ, ಮತ್ತೊಂದು ಪಾಲಿನವರು ತಮಗೆ ತೋಚಿದಾಗ ಹಚ್ಚುವಂತೆಯೂ ಏರ್ಪಡಿಸಿದರು. ಪ್ರತಿದಿನ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿನ ಗಂಟುಗಳು ನೂರಕ್ಕೆ ಸುಮಾರು ನಲವತ್ತರಷ್ಟು ಕಡಿಮೆಯಾದವು. ಅದೇ ಜನರಲ್ಲಿ ಚರ್ಮದ ಮುಪ್ಪು ನೂರಕ್ಕೆ 24ರಷ್ಟು ಕಡಿಮೆಯಾಗಿತ್ತೆಂದು 2013ರಲ್ಲಿ ಪ್ರಕಟಿಸಿದರು. ಆ ಜನರು ಬಿಳಿಯರಾದುದರಿಂದ ಅಂಕೆಗಳನ್ನು ನಮಗೆ ಹಾಗೆಯೇ ಅನ್ವಯಿಸಲಾಗದು. ಆದರೆ ನೆನಪಾದಾಗ ಹಚ್ಚುವುದಕ್ಕೂ ದಿನವೂ ಹಚ್ಚುವುದಕ್ಕೂ ಅಂತರವುಂಟೆಂಬ ನೀತಿ ಎಲ್ಲರಿಗೂ ಒಂದೇ.

ಇನ್ನು ಅತಿ ಮುಖ್ಯವಾದ ಮಾತು. ಬಿಸಿಲುಲೇಪವು ಯಾರನ್ನೂ ಬೆಳ್ಳಗೆ ಮಾಡದು. ಮಾಡುವುದಕ್ಕಾಗಿ ಹುಟ್ಟಿದುದೂ ಅಲ್ಲ. ನಮ್ಮ ದೇಶದಲ್ಲಿ ಮುಖಲೇಪವೆಂದರೆ ಬಿಳುಪಿನ ಮಾತೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯು ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕಳಚಿ ‘ಗ್ಲೋ ಅಂಡ್ ಲವ್ಲಿ’ ಆದುದು 2020ರಲ್ಲಿ. ಡಬ್ಬಿಯ ಹೆಸರು ಬದಲಾಗುವುದು ಸುಲಭ. ಮನೆಯವರ ನಾಲಗೆ ಬದಲಾಗುವುದು ಕಷ್ಟ. ಬಿಳುಪಿನ ಆಸೆಯಿಂದ ಬಿಸಿಲುಲೇಪವನ್ನು ಕೊಂಡವಳು ಎರಡು ತಿಂಗಳಲ್ಲಿ ನಿರಾಶಳಾಗಿ ಅದನ್ನು ಬಿಡುವಳು. ಬಿಟ್ಟು, ನಮ್ಮ ಹುಡುಗಿಯಂತೆ, ಬೇಗ ಫಲ ಕೊಡುವ ಅಪಾಯದ ನಳಿಕೆಯ ಕಡೆಗೆ ಕೈಚಾಚುವಳು.

ಡಬ್ಬಿಯ ಮೇಲಿನ ಅಂಕೆಗಳು

ಅಂಗಡಿಯಲ್ಲಿ ನೂರಾರು ಬಗೆಗಳನ್ನು ಕಂಡು ತಬ್ಬಿಬ್ಬಾಗಬೇಕಾದುದಿಲ್ಲ. ಮೂರು ಗುರುತುಗಳನ್ನು ನೋಡಿದರೆ ಸಾಕು.

ಮೊದಲನೆಯದು ‘ಎಸ್.ಪಿ.ಎಫ್.’ ಎಂಬ ಅಂಕೆ. ಇದು ಮುಖ್ಯವಾಗಿ ಸುಡುವ ‘ಬಿ’ ಕಿರಣಗಳಿಗೆ ಸಂಬಂಧಿಸಿದುದು. ಆಸ್ಟ್ರಿಯ ದೇಶದ ಫ್ರಾಂಟ್ಸ್ ಗ್ರೈಟರ್ ಎಂಬ ರಸಾಯನಜ್ಞನು 1974ರಲ್ಲಿ ಇದನ್ನು ಬಳಕೆಗೆ ತಂದನೆಂದು ಹೇಳುವರು. ಪೂರ್ಣ ಅಳತೆಯಲ್ಲಿ ಹಚ್ಚಿದಾಗ 15 ಅಂಕದ ಲೇಪವು ಆ ಕಿರಣಗಳಲ್ಲಿ ನೂರಕ್ಕೆ ಸುಮಾರು 93ನ್ನೂ, 30 ಅಂಕದ್ದು 97ನ್ನೂ, 50 ಅಂಕದ್ದು 98ನ್ನೂ ತಡೆಯುವುದು. ಅಂಕೆ ಇಮ್ಮಡಿಯಾದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದಿನಬಳಕೆಗೆ 30 ಸಾಕು. ಬಂಗು ಇರುವವರೂ ಹೊರಗೆ ದುಡಿಯುವವರೂ 50ನ್ನು ಆರಿಸುವುದು ಒಳ್ಳೆಯದು.

ಎರಡನೆಯದು ‘ಪಿ.ಎ.’ ಎಂಬ ಅಕ್ಷರಗಳ ಮುಂದಿನ ಕೂಡುವ ಚಿಹ್ನೆಗಳು. ಜಪಾನಿನಲ್ಲಿ 1996ರಲ್ಲಿ ಆರಂಭವಾದ ಈ ಪದ್ಧತಿಯು ‘ಎ’ ಕಿರಣಗಳಿಂದ ದೊರೆಯುವ ರಕ್ಷಣೆಯನ್ನು ತಿಳಿಸುವುದು. ಒಂದು ಚಿಹ್ನೆ ಅಲ್ಪ, ನಾಲ್ಕು ಅತ್ಯಧಿಕ. ಕಪ್ಪು ಕಲೆಗಳಿಗೆ ಅಂಜುವ ನಮ್ಮವರಿಗೆ ಎಸ್.ಪಿ.ಎಫ್.ಗಿಂತಲೂ ಇದೇ ಹೆಚ್ಚು ಬೇಕಾದುದು. ಮೂರು ಚಿಹ್ನೆಗಳಿಗಿಂತ ಕಡಿಮೆಯಿರುವುದನ್ನು ಕೊಳ್ಳಬಾರದು.

ಮೂರನೆಯದು ಲೇಪದ ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿಯೂ ಸಲ್ಲುವುದು. ಕಂದುಬಣ್ಣದ ಚರ್ಮದಲ್ಲಿ ಕಾಣದ ಕಿರಣಗಳಷ್ಟೇ ಅಲ್ಲದೆ ಕಾಣುವ ಬೆಳಕು, ಅದರಲ್ಲಿಯೂ ನೀಲಿಯ ಭಾಗ, ಕಪ್ಪನ್ನು ತರಬಲ್ಲದೆಂಬುದು ಈಚೆಗೆ ಸ್ಪಷ್ಟವಾಗಿದೆ. ಬಣ್ಣವಿಲ್ಲದ ಲೇಪಗಳು ಈ ಬೆಳಕನ್ನು ಹೆಚ್ಚಾಗಿ ತಡೆಯಲಾರವು. ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣಕ್ಕೆ ಹೊಂದುವ ಕಂದು ಛಾಯೆಯ ಲೇಪಗಳು ತಡೆಯಬಲ್ಲವು. ನಮ್ಮ ಕೆಮ್ಮಣ್ಣಿಗೆ ಕೆಂಪನ್ನು ಕೊಟ್ಟಿರುವುದೂ ಇದೇ ಜಾತಿಯ ಪದಾರ್ಥ. ಬಂಗು ಇರುವವರು ಈ ಛಾಯೆಯ ಲೇಪವನ್ನೇ ಕೇಳಿ ಕೊಳ್ಳಬೇಕು. ಬಿಳಿ ಲೇಪ ಹಚ್ಚಿ ಮೊಗ ಬೂದಿ ಬಳಿದಂತೆ ಕಾಣುವುದೆಂಬ ದೂರೂ ಇದರಿಂದ ತಪ್ಪುವುದು.

ಒಳಗಿನ ಪದಾರ್ಥಗಳ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜಗಳ ಲೇಪವೊಂದು ಬಗೆ. ಕಿರಣಗಳನ್ನು ಹೀರುವ ಇತರ ರಾಸಾಯನಿಕಗಳ ಲೇಪ ಮತ್ತೊಂದು ಬಗೆ. ಎರಡೂ ಕೆಲಸ ಮಾಡುವುವು. ಬೇಗ ಉರಿಯುವ, ತುರಿಸುವ ಚರ್ಮದವರಿಗೂ, ಗರ್ಭಿಣಿಯರಿಗೂ, ಮಕ್ಕಳಿಗೂ ಖನಿಜದ ಲೇಪವೇ ವಾಸಿ. ಜಿಡ್ಡುಮುಖದವರು ಜೆಲ್ಲಿನಂತಹ ತೆಳುಲೇಪವನ್ನೂ, ಒಣಮುಖದವರು ಬೆಣ್ಣೆಯಂತಹ ಲೇಪವನ್ನೂ ಆರಿಸಲಿ. ತಯಾರಿಕೆಯ ಪರವಾನಗಿಯ ಸಂಖ್ಯೆಯೂ ಮುಗಿಯುವ ತಾರೀಖೂ ಇಲ್ಲದ ಡಬ್ಬಿಯನ್ನು ಮುಟ್ಟಕೂಡದು. ಹೊಸ ಲೇಪವನ್ನು ಮೊದಲು ಕಿವಿಯ ಹಿಂದೆ ಎರಡು ಮೂರು ದಿನ ಹಚ್ಚಿ ನೋಡಿ, ತುರಿಕೆ ಬಾರದಿದ್ದರೆ ಮುಖಕ್ಕೆ ಹಚ್ಚುವುದು ಜಾಣತನ.

ವೈದ್ಯರು ಹಾಕಿದ ಲೆಕ್ಕ

ಈಗ ಆ ಕಾಗದದ ಲೆಕ್ಕಕ್ಕೆ ಬರೋಣ. ಡಬ್ಬಿಯ ಮೇಲಿನ ಅಂಕೆಯನ್ನು ಪ್ರಯೋಗಶಾಲೆಯಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪವನ್ನು ಹಚ್ಚುವರು. ಸಾಧಾರಣ ಹೆಂಗಸಿನ ಮುಖ ಸುಮಾರು 600 ಚದರ ಸೆಂಟಿಮೀಟರು. ಎಂದರೆ ಮುಖಕ್ಕೆ ಮಾತ್ರವೇ ಒಂದು ಗ್ರಾಮಿಗಿಂತ ತುಸು ಹೆಚ್ಚು ಲೇಪ ಬೇಕು. ಕಿವಿಯನ್ನೂ ಕುತ್ತಿಗೆಯನ್ನೂ ಸೇರಿಸಿದರೆ ಹತ್ತಿರ ಹತ್ತಿರ ಎರಡು ಗ್ರಾಂ. ಐವತ್ತನ್ನು ಎರಡರಿಂದ ಭಾಗಿಸಿರಿ. ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಮಿನ ನಳಿಕೆ 25 ದಿನಗಳಲ್ಲಿ ಮುಗಿಯತಕ್ಕದ್ದು. ಮುಖಕ್ಕೆ ಮಾತ್ರ ಹಚ್ಚಿದರೆ ಸುಮಾರು 40 ದಿನ. ಯುಗಾದಿಯ ನಳಿಕೆ ದೀಪಾವಳಿಗೆ ಅರ್ಧ ಉಳಿದಿದ್ದರೆ, ಹಚ್ಚಿದುದು ಲೇಪವಲ್ಲ, ಲೇಪದ ಪರಿಮಳ.

ನಮ್ಮ ಹುಡುಗಿಯೊಬ್ಬಳದೇ ಈ ತಪ್ಪಲ್ಲ. ಸಾಮಾನ್ಯವಾಗಿ ಜನರು ಹಚ್ಚಬೇಕಾದುದರಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಮಾತ್ರ ಹಚ್ಚುವರೆಂದು ಅನೇಕ ದೇಶಗಳ ಪರಿಶೀಲನೆಗಳಿಂದ ತಿಳಿದುಬಂದಿದೆ. ಅರ್ಧ ಹಚ್ಚಿದರೆ ರಕ್ಷಣೆಯೂ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುವುದು. ಹಣ ತೆತ್ತು 50 ಅಂಕದ್ದನ್ನು ಕೊಂಡು, ಜಿಪುಣತನದಿಂದ ಹಚ್ಚಿ, 15ರ ಫಲವನ್ನೂ ಕಾಣದವರೇ ಹೆಚ್ಚು. ದುಬಾರಿಯ ಲೇಪವನ್ನು ತುಪ್ಪದಂತೆ ತೊಟ್ಟಿಕ್ಕಿಸಿಕೊಳ್ಳುವುದಕ್ಕಿಂತ, ಸಾಧಾರಣ ಬೆಲೆಯದನ್ನು ಸಾರಿನಂತೆ ಧಾರಾಳವಾಗಿ ಬಡಿಸಿಕೊಳ್ಳುವುದು ಮೇಲು. ಕೊಳ್ಳುವ ಮೊದಲೇ, ತಿಂಗಳಿಗೊಂದು ನಳಿಕೆಯ ಬೆಲೆಯನ್ನು ನಮ್ಮ ಮನೆಯ ಲೆಕ್ಕದ ಪುಸ್ತಕ ತಾಳುವುದೇ ಎಂದು ನೋಡಿಕೊಳ್ಳಬೇಕು. ತಾಳದಿದ್ದರೆ ಅದಕ್ಕಿಂತ ಅಗ್ಗದ್ದನ್ನು ಆರಿಸಬೇಕೇ ಹೊರತು ಅಳತೆಯನ್ನು ಇಳಿಸಕೂಡದು.

ತಕ್ಕಡಿಯಿಲ್ಲದೆ ಅಳೆಯುವ ಬಗೆ ಸುಲಭ. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆದರೆ ಮುಖ, ಕಿವಿ, ಕುತ್ತಿಗೆಗಳಿಗೆ ಸಾಕಷ್ಟು ಆಗುವುದು. ಒಮ್ಮೆಗೇ ಹೆಚ್ಚೆನಿಸಿದರೆ ಒಂದು ಬೆರಳಿನಷ್ಟನ್ನು ಹಚ್ಚಿ, ಅದು ಹೀರಿಕೊಂಡ ಮೇಲೆ ಮತ್ತೊಂದು ಬೆರಳಿನಷ್ಟನ್ನು ಹಚ್ಚಬಹುದು. ಮುಖ ತೊಳೆದು ಒರೆಸಿ, ಹಣೆ, ಮೂಗು, ಕೆನ್ನೆ, ಗಲ್ಲಗಳ ಮೇಲೆ ಬೊಟ್ಟುಬೊಟ್ಟಾಗಿ ಇಟ್ಟು, ತಿಕ್ಕದೆ ಮೆಲ್ಲಗೆ ಹರಡಬೇಕು. ಕಿವಿಯ ಅಂಚು, ಕಪಾಲದ ಬದಿ, ದವಡೆಯ ಕೆಳಭಾಗ, ಹಿಂಗತ್ತು, ಇವು ಎಲ್ಲರೂ ಮರೆಯುವ ಎಡೆಗಳು. ಹೊರಗೆ ಹೊರಡುವ ಕಾಲುಗಂಟೆಗೆ ಮುಂಚೆ ಹಚ್ಚಿ, ಅದು ಒಣಗಿದ ಮೇಲೆ ಪೌಡರು, ಕುಂಕುಮಗಳನ್ನು ಇಟ್ಟುಕೊಳ್ಳಬಹುದು. ಪೌಡರಿನಲ್ಲಿಯೇ ರಕ್ಷಣೆ ಉಂಟೆಂಬ ಮಾತನ್ನು ನಂಬಿ ಲೇಪವನ್ನು ಬಿಡಕೂಡದು; ಅಷ್ಟು ಪೌಡರನ್ನು ಯಾರೂ ಬಳಿದುಕೊಳ್ಳಲಾರರು.

ಬೆಳಗ್ಗೆ ಹಚ್ಚಿದ ಲೇಪ ಸಂಜೆಯವರೆಗೆ ನಿಲ್ಲದು. ಬಿಸಿಲಿನಲ್ಲಿ ಕೆಲಸವಿರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಬಳಿಕ ಕೂಡಲೆ, ಮತ್ತೆ ಹಚ್ಚಬೇಕು. ಮನೆಯೊಳಗೇ ಇರುವ ಗೃಹಿಣಿಗೆ ಬೆಳಗಿನದೊಂದು ಸಾಕು; ಆದರೆ ಚೈತ್ರ ವೈಶಾಖಗಳಲ್ಲಿ ಹಪ್ಪಳ ಸಂಡಿಗೆ ಹರವಲು ಮಾಳಿಗೆಗೆ ಹೋಗುವುದಾದರೆ, ಅದು ವರ್ಷದಲ್ಲೆಲ್ಲ ಅತಿ ತೀಕ್ಷ್ಣವಾದ ಬಿಸಿಲೆಂಬುದನ್ನು ಮರೆಯದೆ ಮತ್ತೊಮ್ಮೆ ಹಚ್ಚಿಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿ. ರಾತ್ರಿ ಮಲಗುವ ಮುನ್ನ ಮೃದುವಾದ ಸಾಬೂನಿನಿಂದ ಲೇಪವನ್ನು ತೊಳೆಯಬೇಕು.

ಯಾರಿಗೆ ಹೇಗೆ

ಆರು ತಿಂಗಳೊಳಗಿನ ಕೂಸಿಗೆ ಲೇಪ ಬೇಡ; ನೆರಳೇ ಅದಕ್ಕೆ ರಕ್ಷೆ. ಶಾಲೆಯ ಮಕ್ಕಳಿಗೆ ಲೇಪದ ಜೊತೆಗೆ ಟೋಪಿಯೂ ಬೇಕು. ಹುಟ್ಟಿನಿಂದಲೇ ವರ್ಣದ್ರವ್ಯವಿಲ್ಲದೆ ಮೈಯೂ ಕೂದಲೂ ಬಿಳುಪಾಗಿರುವವರ ವಿಷಯದಲ್ಲಿ ಮಾತ್ರ ಲೇಪವು ಅಂದದ ಮಾತಲ್ಲ, ಪ್ರಾಣದ ಮಾತು. ಸಹಜ ಕೊಡೆಯೇ ಇಲ್ಲದ ಅವರಿಗೆ ಚರ್ಮದ ಕ್ಯಾನ್ಸರಿನ ಭಯ ನಿಜವಾಗಿಯೂ ಉಂಟು. ಅಂತಹ ಮಗುವಿರುವ ಮನೆಯಲ್ಲಿ ಹಣದ ಅಡಚಣೆಯಿದ್ದರೆ ಉಳಿದವರೆಲ್ಲ ತಮ್ಮ ಲೇಪವನ್ನು ಬಿಟ್ಟಾದರೂ ಆ ಮಗುವಿಗೆ ಒದಗಿಸತಕ್ಕದ್ದು.

ಇಡೀ ದಿನ ರಸ್ತೆಯ ಬದಿಯಲ್ಲಿ ಹೂವು ಮಾರುವವಳಿಗೂ, ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಎರಡು ಗಂಟೆಗೊಮ್ಮೆ ಲೇಪ ಹಚ್ಚಿರೆಂದು ಹೇಳುವುದು ಹಾಸ್ಯವಾದೀತು. ಅವರಿಗೆ ಅಗಲವಾದ ಕೊಡೆ, ಅಂಚುಳ್ಳ ಟೋಪಿ, ದಟ್ಟ ನೆಯ್ಗೆಯ ಸೆರಗು, ಇವೇ ಮೊದಲ ರಕ್ಷೆ. ದಟ್ಟವಾದ ಕಪ್ಪು ಬಟ್ಟೆಯ ಕೊಡೆ ನೇರವಾಗಿ ಬೀಳುವ ಕಿರಣಗಳ ಬಹುಭಾಗವನ್ನು ತಡೆಯುವುದು. ನೆಲದಿಂದಲೂ ಗೋಡೆಯಿಂದಲೂ ಚಿಮ್ಮಿ ಬರುವುದನ್ನು ಮಾತ್ರ ಅದು ತಡೆಯಲಾರದು. ಕರಾವಳಿಯ ಒಣ ಮರಳು ನೂರಕ್ಕೆ ಸುಮಾರು ಹದಿನೈದರಷ್ಟನ್ನು ಹಿಂದಕ್ಕೆ ಎಸೆಯುವುದು. ಕೊಡೆ ತಡೆಯಲಾರದುದನ್ನು ಲೇಪ ತಡೆಯಲಿ. ಲೇಪವು ಕೊಡೆಗೆ ತಂಗಿಯೇ ಹೊರತು ಸವತಿಯಲ್ಲ.

ಲೇಪದಿಂದ ‘ಡಿ’ ಜೀವಸತ್ತ್ವ ಕಡಿಮೆಯಾಗುವುದೇ ಎಂದು ಕೆಲವರು ಶಂಕಿಸುವರು. ಕೈಕಾಲುಗಳಿಗೆ ಬಿಸಿಲು ಬೀಳುವುದನ್ನು ಮುಖದ ಲೇಪವು ತಡೆಯದು. ನ್ಯೂನತೆಯ ಸಂಶಯವಿದ್ದವರು ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯಲಿ. ಮನೆಮದ್ದಿನ ವಿಷಯವಾಗಿಯೂ ಒಂದು ಎಚ್ಚರಿಕೆ: ಅರಿಶಿನ, ಗಂಧಗಳು ಬಿಸಿಲುಲೇಪದ ಸ್ಥಾನವನ್ನು ತುಂಬಲಾರವು. ನಿಂಬೆಯ ರಸವನ್ನಂತೂ ಮುಖಕ್ಕೆ ಹಚ್ಚಿ ಬಿಸಿಲಿಗೆ ಸರ್ವಥಾ ಹೋಗಕೂಡದು. ನಿಂಬೆಯಲ್ಲಿರುವ ಕೆಲವು ಪದಾರ್ಥಗಳು ‘ಎ’ ಕಿರಣಗಳೊಡನೆ ಸೇರಿ ಚರ್ಮವನ್ನು ಬೊಬ್ಬೆಯೆಬ್ಬಿಸಿ ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳನ್ನು ಮಾಡಬಲ್ಲವು.

ಕೊನೆಯ ಮಾತು

ನಮ್ಮ ತಂಗಿಯ ಮಗಳ ಮುಖದ ಉರಿ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಆಕೆಯ ಕನ್ನಡಿಯ ಮುಂದೆ ಕಂದು ಛಾಯೆಯ, ಸಾಧಾರಣ ಬೆಲೆಯ ನಳಿಕೆಯೊಂದಿದೆ. ಕೊಂಡ ತಾರೀಖನ್ನು ಅದರ ಮೇಲೆ ಬರೆದಿಟ್ಟಿರುವಳು. ತಿಂಗಳೊಳಗೆ ಮುಗಿಯದಿದ್ದರೆ ತನ್ನನ್ನು ತಾನೇ ಗದರಿಕೊಳ್ಳುವಳು. ವರ್ಷ ಕಳೆದ ಮೇಲೆ ಬಂಗು ತೆಳುವಾಗಿದೆ. ಪೂರ್ತಿಯಾಗಿ ಹೋಗಿಲ್ಲ, ಹೋಗದೆಯೂ ಇರಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಆಕೆ ಅದನ್ನು ಒಪ್ಪಿಕೊಂಡಿರುವಳು.

ಒಪ್ಪಿಕೊಳ್ಳಬೇಕಾದವರು ನಾವು ಇನ್ನೂ ಇದ್ದೆವು. ಆ ಎಳೆಯ ತಾಯಿ ಕೂಸನ್ನು ಹೆತ್ತು, ನಿದ್ದೆಗೆಟ್ಟು, ಬಳಲಿ ಕುಳಿತಿದ್ದಾಗ ನಾವು ನೋಡಿದುದು ಆಕೆಯ ಕೆನ್ನೆಯ ಕಪ್ಪನ್ನು. ಔಷಧದಂಗಡಿಯವರನ್ನೂ ಹೇಳಿಕೊಟ್ಟ ಪರಿಚಿತರನ್ನೂ ದೂಷಿಸುವುದು ಸುಲಭ; ಆ ನಳಿಕೆಯ ಕಡೆಗೆ ಆಕೆಯನ್ನು ಮೊದಲು ತಳ್ಳಿದುದು ನಮ್ಮ ಮಾತೇ. ಈಚೆಗೆ ಮನೆಯಲ್ಲಿ ಮತ್ತೊಂದು ನಾಮಕರಣವಾಯಿತು. ಬಾಣಂತಿಯ ಕೆನ್ನೆಯ ಮೇಲೆ ಅದೇ ಬಂಗು ಮೂಡಿತ್ತು. ನಾವು ಆಕೆಯನ್ನು, “ರಾತ್ರಿ ಮಗು ಮಲಗಲು ಬಿಡುವುದೇ, ಊಟ ಸೇರುವುದೇ?” ಎಂದು ಮಾತ್ರ ಕೇಳಿದೆವು. ಬಿಸಿಲುಲೇಪದ ಸಂಗತಿಯನ್ನು ಆಮೇಲೆ, ನಮ್ಮ ತಂಗಿಯ ಮಗಳೇ ಒಳಕೋಣೆಯಲ್ಲಿ ಕುಳಿತು, ತನ್ನ ಎರಡು ಬೆರಳುಗಳನ್ನು ಮುಂದಿಟ್ಟು, ಆಕೆಗೆ ತಿಳಿಯಹೇಳಿದಳು.